ಅಡುಗೆಮನೆಯಿಂದ ಹೊಸ್ತಿಲ ತನಕ

ಹೇಳಿದ ದಿನಕ್ಕೆ ಜಂಪರ್ ಹೊಲಿದುಕೊಟ್ಟ ಅಪವಾದವನ್ನು ನಮ್ಮ ಕಾಕಾನ ಮೇಲೆ ಈವರೆಗೆ ಯಾರೂ ಹೊರಿಸಿಲ್ಲ. ಮಾಡಗ್ಯಾಳದ ಅವನ ಅಂಗಡಿಯಿಂದ ವೇಳೆಗೆ ಸರಿಯಾಗಿ ಹೊರಬೀಳುವುದು ಚಿಂದಿ ಒಂದೇ. ಅದೂ ದಿನಾ ಮುಂಜಾನೆ ಯಾರೋ ಗುಡಿಸಿ ಹಾಕುತ್ತಾರಾದ್ದರಿಂದ. ಮದುವೆಗೆಂದು ಕೊಟ್ಟ ಜಂಪರ್ ಬಸಿರಿನ ಕುಬಸದ ಕಾರ್ಯಕ್ಕೆ ಕೈಗೆ ಸಿಕ್ಕರೆ ಬೇಗ ಸಿಕ್ಕಿತೆಂದೇ ಲೆಕ್ಕ. ಅಷ್ಟರಲ್ಲಿ ಮೈ ಅಳತೆ ಬದಲಾಗಿರುತ್ತದಲ್ಲ ಎಂದರೆ, "ಅದಕ್ಕ ಒಳಗ ಅರಿವಿ ಬಿಟ್ಟೀನವಾ, ಬಿಚ್ಚಕೊ" ಎನ್ನುತ್ತಾನೆ. ಊರ ಹೆಂಗಸರೇನು ಕಡಿಮೆಯೇ? ಮದುವೆಯ ದಿನವನ್ನು ಹದಿನೈದು ದಿನ ಹಿಂದಕ್ಕೆ ಸರಿಸಿ ಹೇಳತೊಡಗಿದರು. ಅದು ಗೊತ್ತಾದ ಮೇಲೆ ಕಾಕಾ ಹದಿನೈದು ದಿನ ಕೂಡಿಸಿಕೊಂಡು ಲೆಕ್ಕ ಹಾಕತೊಡಗಿದ.

ಇಂಥ ಮನುಷ್ಯ ಅರವತ್ತು ದಾಟಿದ ಮೇಲೆ ಒಂದು ಸೆಕೆಂಡನ್ನು ಹನ್ನೆರಡು ತುಂಡು ಮಾಡಿ, ಅದರಲ್ಲಿ ಒಂದು ತುಂಡು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಊಟ ಬಿಟ್ಟು ಕೂತ ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ. ನಂಬಿದ ಮೇಲೂ ಅನುಮಾನ ಹೋಗಿಲ್ಲ. ನನಗೆ ದಿನಚರಿ ಬರೆಯುವ ಚಟವಿದೆ. ಬರೆದದ್ದು ನಡೆದದ್ದಕ್ಕಿಂತ ಯಾವಾಗಲೂ ಒಂದು ಕೈ ಚೆಂದವಾಗಿರುತ್ತದೆ ಎಂಬುದು ಆ ಚಟ ಇದ್ದವರಿಗೆ ಗೊತ್ತು. ಹಾಗಾಗಿ ಮುಂದಿನದರಲ್ಲಿ ರೂಪಾಯಿಗೆ ಎರಡಾಣೆಯಷ್ಟನ್ನು ಕಳೆದೇ ಓದಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ನಮ್ಮ ಅಸಂಗಿಯಿಂದ ಜತ್ತಿನ ಕಾಲೇಜಿಗೆ ಬಸ್ಸಿನ ಅನುಕೂಲ ಇರಲಿಲ್ಲವೆಂದು ಎರಡು ವರ್ಷ ಅವನ ಮನೆಯಲ್ಲಿದ್ದೆ. ಮುಂದೆ ಅಂಗಡಿ, ನಡುವೆ ನಡುಮನೆ, ಹಿಂದೆ ಅಡುಗೆಮನೆ. ಅಂಗಡಿಗೂ ನಡುಮನೆಗೂ ನಡುವೆ ಒಂದು ಹೊಸ್ತಿಲು. ಆ ಮನೆಗೆ ಒಂದೇ ಒಂದು ಕಾನೂನು: ಹೊಲಿಗೆ ಮಿಷನ್ ನಡೆಯುವಾಗ ಕಾಕಾನನ್ನು ಯಾರೂ ಕರೆಯಬಾರದು. ಮದುವೆಯಾದ ಹೊಸದರಲ್ಲಿ ಯಾರೋ ಕರೆದಾಗ ಕತ್ತೆತ್ತಿ, ಸೂಜಿಯನ್ನು ಉಗುರಿನಲ್ಲಿ ಇಳಿಸಿಕೊಂಡಿದ್ದನಂತೆ. ಅಂದಿನಿಂದ ಬೆಂಕಿ ಬಿದ್ದರೂ ಮಿಷನ್ ನಿಂತ ಮೇಲೆಯೇ ಹೇಳಬೇಕು.

ಆ ಮನೆಯ ಇನ್ನೊಂದು ವಿಶೇಷವೆಂದರೆ ಆರಿದ ಚಹಾ. ನಾನು ಒಲೆಯ ಪಕ್ಕದಲ್ಲೇ ಕೂತು ಕುಡಿಯುತ್ತಿದ್ದ ಚಹಾ ನಾಲಿಗೆ ಸುಡುವಷ್ಟು ಬಿಸಿ. ಅದೇ ಪಾತ್ರೆಯಿಂದ ಬಸಿದು ಕಾಕು ಅಂಗಡಿಗೆ ಒಯ್ದದ್ದು ತಣ್ಣಗೆ. ಅಡುಗೆಮನೆಯಿಂದ ಅಂಗಡಿಗೆ ಎಷ್ಟು ದೂರ? ಕುಂಟುವ ಕೋಳಿ ಕೂಡ ಒಂದು ಕೂಗಿನಲ್ಲಿ ಮುಟ್ಟುತ್ತದೆ. ಆದರೂ ಪ್ರತಿದಿನ ಕಾಕಾನ ಒಂದೇ ಮಾತು, "ಏ, ಇದೇನ ಚಹಾನೋ ಭಾವಿ ನೀರೋ?" ಕಾಕುವಿನದು ಒಂದೇ ಉತ್ತರ, "ಕುಡೀರಿ, ಹೊಟ್ಟಿಗೆ ತಂಪ." ಕಪ್ಪು ತೆಳ್ಳಗಿದೆ ಎಂದು ಕಪ್ಪು ಬದಲಾಯಿಸಿದರು. ಗಾಳಿ ಬರುತ್ತದೆ ಎಂದು ಕಿಟಕಿಗೆ ಗೋಣಿತಟ್ಟು ಕಟ್ಟಿದರು. ಚಹಾ ಆರುವುದು ತಪ್ಪಲಿಲ್ಲ.

ಹೋದ ವರ್ಷ ಕಾಕುಗೆ ಲಕ್ವಾ ಹೊಡೆಯಿತು. ಬಲಗಾಲು ಹೋಯಿತು, ಬಲಗೈ ಅರ್ಧ ಉಳಿಯಿತು. ಮಾತು ಮರಳಿ ಬರಲು ತಡವಾಗಬಹುದು ಎಂದು ಮಿರಜದ ಡಾಕ್ಟರರು ಹೇಳಿದ್ದರು. ಪಾಪ, ಅವರಿಗೆ ಕಾಕುವಿನ ಪರಿಚಯ ಇರಲಿಲ್ಲ. ಊರಿಗೆ ಬರುವ ದಾರಿಯಲ್ಲೇ ಗಾಡಿಯ ಡ್ರೈವರನಿಗೆ ಬ್ರೇಕು ಹಾಕುವುದನ್ನು ಕಲಿಸಿದಳಂತೆ. ಕಾಲಿನ ಬಗ್ಗೆಯೂ ಡಾಕ್ಟರರು ಒಂದು ಮಾತು ಹೇಳಿದ್ದರು. ಅದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಗಾಲಿಕುರ್ಚಿ ಬಂತು. ಅದು ನಡುಮನೆಯನ್ನೆಲ್ಲ ಸುತ್ತಿ ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ಹೊಸ್ತಿಲು ಹಳೆಯ ಸಾಗವಾನಿ, ಎತ್ತರ. ಬಡಿಗನನ್ನು ಕರೆಸಿ ಕೆತ್ತಿಸುತ್ತೇನೆ ಎಂದು ಕಾಕಾ ಹೊರಟ. ಕಾಕು ಬಿಡಲಿಲ್ಲ.

"ದಿನಾ ಅರಿಷಿಣ ಕುಂಕುಮ ಹಚ್ಚಿದ ಹೊಸ್ತಿಲಕ್ಕ ಉಳಿ ಹಚ್ಚತೀರಿ? ನಾ ಏಳೂತನಕ ಹಂಗ ಇರ್ಲಿ."

ಕಾಕಾ ಬಡಿಗನಿಗೆ ಬರಬೇಡವೆಂದು ಹೇಳಿ ಕಳಿಸಿದ. ಅವನು ಜನ್ಮದಲ್ಲಿ ವೇಳೆಗೆ ಸರಿಯಾಗಿ ಮಾಡಿದ ಕೆಲಸಗಳಲ್ಲಿ ಅದೂ ಒಂದು.

ಅದಾಗಿ ಕೆಲವು ದಿನಕ್ಕೆ ವಿಜಯಪುರದ ಕಾಲೇಜಿನಲ್ಲಿ ನಾನು ಪಾಠ ಹೇಳಿ ಹೊರಗೆ ಬರುವಾಗ ಅವನ ಫೋನು. "ಏನವಾ, ಫೋಟೋದಾಗಿನ ಮಂದೀನ್ನ ನಡದಾಡಸೂದು ಹೆಂಗ?"

"ಯಾರನ್ನ ನಡಸಬೇಕು ಕಾಕಾ?"

"ನಿಮ್ಮ ಕಾಕೂನ್ನ."

ಫೋನಿನಲ್ಲಿ ಯಾವುದೋ ಮಣ್ಣಿನ ಗೊಂಬೆ ಎದ್ದು ನಡೆಯುವುದನ್ನು ನೋಡಿದ್ದನಂತೆ. ಗೊಂಬೆಯನ್ನು ಎಳ್ಳಷ್ಟು ಸರಿಸುವುದು, ಫೋಟೋ ತೆಗೆಯುವುದು. ಮತ್ತೆ ಎಳ್ಳಷ್ಟು, ಮತ್ತೆ ಫೋಟೋ. ಎಲ್ಲವನ್ನೂ ಸಾಲಾಗಿ ಓಡಿಸಿದರೆ ಗೊಂಬೆ ತಾನಾಗಿ ನಡೆದಂತೆ ಕಾಣುತ್ತದೆ. ಆ ಶನಿವಾರ ಹೋಗಿ ಅವನ ಫೋನಿಗೆ ಅದಕ್ಕೆ ಬೇಕಾದ ಆಪ್ ಹಾಕಿಕೊಟ್ಟೆ. ಹನ್ನೆರಡು ಫೋಟೋ ಸೇರಿದರೆ ಒಂದು ಸೆಕೆಂಡು ಎಂದು ಹೇಳಿದೆ. "ಒಂದು ಡಝನ್," ಎಂದು ತಲೆಯಾಡಿಸಿದ. ಗುಂಡಿ ಕೊಳ್ಳುವ ಲೆಕ್ಕ ಅವನಿಗೆ ಹೇಳಿಕೊಡಬೇಕೇ?

ಗೊಂಬೆ ಮಾತ್ರ, ಸುಳ್ಳೇಕೆ ಹೇಳಲಿ, ಬಲು ಚೆಂದ ಮಾಡಿದ್ದ. ಒಳಗೆ ತಂತಿ, ತಂತಿಯ ಸುತ್ತ ಮಾಡಗ್ಯಾಳ ಕುರಿಯ ಉಣ್ಣೆ, ಮೇಲೆ ಕಾಕುವಿನದೇ ಹಳೆಯ ಹಸಿರು ಇಳಕಲ್ ಸೀರೆಯ ತುಂಡು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿಯೇ ಕಪ್ಪು, ಕೋಟಿನ ಗುಂಡಿಯೇ ಬಸಿ. ಬಟ್ಟೆಯ ಥಾನಿನೊಳಗಿನ ರಟ್ಟಿನಲ್ಲಿ ಅಡುಗೆಮನೆ, ನಡುಮನೆ, ಹೊಸ್ತಿಲು. ಎಲ್ಲವೂ ಮಿಷನ್ನಿನ ಪಕ್ಕದ ಹಲಗೆಯ ಮೇಲೆ. ಗೊಂಬೆ ಅಡುಗೆಮನೆಯಿಂದ ಚಹಾ ಹಿಡಿದು ಹೊಸ್ತಿಲು ದಾಟಿ ಅಂಗಡಿಗೆ ಬರಬೇಕು, ಇಷ್ಟೇ ಸಿನೆಮಾ.

"ಇದೆಲ್ಲಾ ಯಾಕ ಕಾಕಾ?" ಎಂದು ಕೇಳಿದೆ. ನಡುಮನೆಯಲ್ಲಿ ಕಾಕುಗೆ ಕೇಳಿಸಬಾರದೆಂದು ಅವನು ದನಿ ತಗ್ಗಿಸಿದ.

"ಅಕಿ ನಡಿಗಿ ನನಗ ನೆನಪಾಗವಲ್ತು. ಕಣ್ಣ ಮುಚ್ಚಿದ್ರ ಬಳಿ ಸಪ್ಪಳ ಕೇಳತೈತಿ, ಅಕಿ ಕಾಣವಲ್ಲಳು. ನಲವತ್ತು ವರ್ಷ ದಿನಾ ಚಹಾ ತಂದಾಳ. ಒಮ್ಮಿ ನೋಡಬೇಕವಾ, ಅಕಿ ಹೆಂಗ ಬರತಿದ್ಲು ಅಂತ."

ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಮೊದಲ ಪ್ರದರ್ಶನ ನಡುಮನೆಯಲ್ಲಿ ನಡೆಯಿತು. ಪ್ರೇಕ್ಷಕರು ಇಬ್ಬರು: ನಾನು, ಕಾಕು. ಹಸಿರು ಸೀರೆಯ ಗೊಂಬೆ ರಟ್ಟಿನ ಅಡುಗೆಮನೆಯಿಂದ ಹೊರಟಿತು, ಒಂದೇ ವೇಗದಲ್ಲಿ ಬಂತು, ಒಂದೇ ವೇಗದಲ್ಲಿ ಹೊಸ್ತಿಲು ದಾಟಿತು, ಅದೇ ವೇಗದಲ್ಲಿ ಚಹಾ ಇಟ್ಟಿತು. ಆಮೇಲೂ ನಿಲ್ಲದೆ ಹಲಗೆಯ ಅಂಚಿನ ತನಕ ಹೋಯಿತು.

"ಯಾರ್ರಿ ಇಕಿ?" ಎಂದಳು ಕಾಕು. "ಎಸ್.ಟಿ. ಬಸ್ಸ ತಪ್ಪತೈತೇನು ಅಕಿಗಿ?"

"ನೀನ."

"ನಾನಾ? ನಾ ಹಿಂಗ ನಡದಿದ್ರ ಲಗ್ನಕ್ಕ ಮೊದಲ ನಿಮ್ಮವ್ವ ಬ್ಯಾಡ ಅಂತಿದ್ಲು."

ಏನು ತಪ್ಪಾಗಿದೆ ಎಂದು ನನಗೂ ಮೊದಲು ತಿಳಿಯಲಿಲ್ಲ. ಅವನು ಕೆಲಸ ಮಾಡುವುದನ್ನು ನೋಡಿದ ಮೇಲೆ ತಿಳಿಯಿತು. ಗೊಂಬೆ ನಡೆಯುವ ದಾರಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ್ದ. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಒಂದೇ ಅಂತರ, ಟೇಪು ಹಿಡಿದು ನೋಡಿದ್ದು! ದರ್ಜಿಯ ಕಣ್ಣಿಗೆ ಹೊಲಿಗೆ ಸಮ ಇರಬೇಕು. ಒಂದು ಉದ್ದ ಒಂದು ಗಿಡ್ಡ ಬಿದ್ದರೆ ಬಿಚ್ಚಬೇಕು. ಮನುಷ್ಯರು ಹಾಗೆ ನಡೆಯುವುದಿಲ್ಲ, ಕಾಲೆತ್ತುವಾಗ ನಿಧಾನ, ನಡುವೆ ಜೋರು, ನಿಲ್ಲುವಾಗ ಮತ್ತೆ ನಿಧಾನ ಎಂದು ನಾನು ಪುಸ್ತಕದ ಭಾಷೆಯಲ್ಲಿ ಹೇಳಿದರೆ ಅವನು ನನ್ನನ್ನು ಕನಿಕರದಿಂದ ನೋಡಿದ. "ಹೊಲಿಗಿ ಹೆಚ್ಚುಕಮ್ಮಿ ಬಿದ್ರ ಅರಿವಿ ಜಗ್ಗತೈತವಾ. ನಿನಗ ತಿಳಿಯೂದಿಲ್ಲ."

ಆದರೂ ಮನಸ್ಸಿನಲ್ಲಿ ಹುಳ ಹೊಕ್ಕಿರಬೇಕು. ಮರುದಿನದಿಂದ ನಡಿಗೆಯ ಅಧ್ಯಯನಕ್ಕೆ ಹೊರಟ. ಮೊದಲು ಊರ ಹೊರಗಿನ ರಸ್ತೆಯಲ್ಲಿ ಕುರಿಗಳು. ನಮ್ಮ ಕಡೆಯ ಟಗರುಗಳನ್ನು ನೀವು ನೋಡಿರಬಹುದು. ಗಿಳಿಯಂತೆ ಬಾಗಿದ ಮೂಗು, ಸಾವಕಾರನ ಗತ್ತು. ಅಂಥ ಒಂದರ ಹಿಂದೆ ಕಾಕಾ ಕೊರಳಲ್ಲಿ ಟೇಪು ಹಾಕಿಕೊಂಡು, ಬಗ್ಗಿ ಬಗ್ಗಿ ಕಾಲು ನೋಡುತ್ತ ನಡೆದ. ಕುರಿ ಕಾಯುವವ ಕೇಳಿದನಂತೆ, "ಯಾಕ್ರಿ ಟೇಲರ್, ಅದಕ್ಕೂ ಅಂಗಿ ಹೊಲೀತೀರೇನು? ದೀಪಾವಳಿಗರ ಆಗತೈತಿ?"

ಟಗರಿಗೂ ಈ ಗಿರಾಕಿತನ ಒಪ್ಪಿಗೆಯಾಗಲಿಲ್ಲ. ಕಾಕಾ ಎರಡು ದಿನ ಕೂತು ಹೊಲಿಯಲಾಗದೆ ನಿಂತೇ ಕತ್ತರಿಸಿದ.

ಆಮೇಲೆ ಗಿರಾಕಿಗಳ ಸರದಿ. ಸೋನ್ಯಾಳದಿಂದ ಒಬ್ಬಾಕೆ ತನ್ನ ಜಂಪರಿಗಾಗಿ ಮೂರನೆಯ ಸಲ ಬಂದಿದ್ದಳು. ಅವಳ ಕೈಗೆ ಕಪ್ಪು-ಬಸಿ ಕೊಟ್ಟು, "ಆ ಗ್ವಾಡಿಯಿಂದ ಇಲ್ಲಿತನಕ ಒಮ್ಮಿ ನಡದು ಬಾರವಾ" ಎಂದ. ಅವಳು ಹೊರಗೆ ನೋಡಿದಳು, ಒಳಗೆ ನೋಡಿದಳು. ಜಂಪರ್ ಬೇಕಾಗಿತ್ತು, ನಡೆದಳು. ಒಂದು ವಾರದಲ್ಲಿ ಟೇಲರ್ ಅಳತೆ ಬಿಟ್ಟು ನಡಿಗೆ ನೋಡುತ್ತಾನೆ ಎಂಬ ಸುದ್ದಿ ಊರೆಲ್ಲ ಆಯಿತು. ಓಣಿಯ ಹಿರಿಯಳೊಬ್ಬಳು ಕಾಕುವಿನ ಮುಂದೆ ಕೂತು, ಹೇಳಬೇಕೋ ಬೇಡವೋ ಎನ್ನುತ್ತ ಎಲ್ಲವನ್ನೂ ಹೇಳಿದಳು. ಕಾಕು ಎಲೆಯಡಿಕೆ ಮುಂದಿಟ್ಟು ಹೇಳಿದ್ದು ಇಷ್ಟು: "ನೋಡ್ಲಿ ಬಿಡವಾ. ಲಗ್ನ ಆದಾಗಿಂದ ತಲಿ ಎತ್ತದ ಮನಿಷ್ಯಾ. ಈಗರ ಎತ್ಯಾನಲ್ಲ."

ನಾವೆಲ್ಲ ನಕ್ಕೆವು. ನಾನು ಆ ಮಾತನ್ನು ಚೆನ್ನಾಗಿದೆಯೆಂದು ದಿನಚರಿಯಲ್ಲಿ ಬರೆದಿಟ್ಟುಕೊಂಡೆ ಕೂಡ. ಚೆನ್ನಾಗಿದೆ ಎಂದಷ್ಟೇ ತಿಳಿದಿತ್ತು.

ಸಾಕ್ಷಿ ಹೇಳಲು ನನ್ನನ್ನೂ ಕರೆದರು. ಎರಡು ವರ್ಷ ಆ ಮನೆಯಲ್ಲಿದ್ದವಳು ನಾನಲ್ಲವೇ? ಕಾಕು ಜೋರಾಗಿ ಬರುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸಿಯಲ್ಲಿ ಅರ್ಧ ಚಹಾ ಚೆಲ್ಲಿಕೊಂಡು ಎಂದು ಆಣೆ ಮಾಡಿದಂತೆ ಹೇಳಿದೆ.

"ನಾ ಒಂದ್ ಹನಿ ಚೆಲ್ಲಿದಾಕಿ ಅಲ್ಲ," ಎಂದಳು ಕಾಕು. "ನೀ ಹೇಳೂದು ನಿಮ್ಮವ್ವನ ನಡಿಗಿ. ಅಕಿ ಚಹಾ ತಂದ್ರ ಕಪ್ಪ ಬಿಟ್ಟು ಬಸಿ ನೆಕ್ಕಬೇಕ."

ನಿಜ. ಅದು ನನ್ನ ಅವ್ವನ ನಡಿಗೆ. ಹಾಗಾದರೆ ಕಾಕುವಿನದು? ಕಣ್ಣು ಮುಚ್ಚಿ ಹುಡುಕಿದೆ. ಆ ಎರಡು ವರ್ಷ ನಾನು ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ಓದುತ್ತಿದ್ದೆ. ಚಹಾ ಕೈಗೆ ಬರುತ್ತಿತ್ತು, ತಂದ ಕಾಲುಗಳು ಹೋಗುತ್ತಿದ್ದವು. ಹಳೆಯ ದಿನಚರಿಗಳನ್ನು ತೆಗೆದೆ. ಪರೀಕ್ಷೆ, ಬಸ್ಸು, ನನ್ನ ಬೇಸರ, ಮತ್ತೆ ನನ್ನ ಬೇಸರ. ಕಾಕುವಿನ ನಡಿಗೆ ಎಲ್ಲೂ ಇಲ್ಲ. ಪದವಿಯ ಮೇಲೆ ಪದವಿ ಪಡೆದೆ, ಒಂದು ಮನೆಯೊಳಗೆ ಒಬ್ಬ ಹೆಂಗಸು ನಡೆದದ್ದನ್ನು ನೋಡಿರಲಿಲ್ಲ. ಆಗ ಕಾಕಾನನ್ನು ನೋಡಿ ನಗುವುದು ಸ್ವಲ್ಪ ಕಷ್ಟವಾಯಿತು. ಕಷ್ಟವಾದರೂ ನಕ್ಕೆ. ಅವನ ವೇಷವೂ ಹಾಗಿತ್ತಲ್ಲ!

ದಾರಿ ತೋರಿಸಿದ್ದು ಒಂದು ತೋಳು. ಜಂಪರಿನ ಉಬ್ಬುತೋಳು ಹೊಲಿಯುತ್ತಿದ್ದ ಕಾಕಾ ಒಮ್ಮೆಲೇ ಮಿಷನ್ ನಿಲ್ಲಿಸಿ ಕೂಗಿದ, "ಏ, ನಿರಿಗಿ! ನಿರಿಗಿ ಹಿಡೀಬೇಕಲೇ!" ತೋಳು ಹೆಗಲಿಗೆ ಕೂಡುವ ಕಡೆ ನಿರಿಗೆಗಳು ಒತ್ತೊತ್ತಾಗಿ ಬೀಳುತ್ತವೆ, ಇಳಿಯುತ್ತ ಬಿಡುವಾಗುತ್ತವೆ, ಅಂಚಿಗೆ ಬಂದಾಗ ಮತ್ತೆ ಒತ್ತು. ಸಮವಲ್ಲ, ಆದರೆ ಬಟ್ಟೆ ಎಲ್ಲೂ ಜಗ್ಗುವುದಿಲ್ಲ. ನಾನು ವಾರಗಟ್ಟಲೆ ಪುಸ್ತಕ ಹಿಡಿದು ಹೇಳಿದ್ದನ್ನೇ ಒಂದು ತೋಳು ಅವನಿಗೆ ಹೇಳಿತು. ಹಲಗೆಯ ಮೇಲಿನ ಹಳೆಯ ಗುರುತುಗಳನ್ನು ಒರೆಸಿ ಹೊಸದಾಗಿ ಹಾಕಿದ: ಗೊಂಬೆ ಹೊರಡುವಲ್ಲಿ ಒತ್ತೊತ್ತಾಗಿ, ನಡುವೆ ದೂರದೂರ, ಹೊಸ್ತಿಲು ಸಮೀಪಿಸಿದಂತೆ ಮತ್ತೆ ಒತ್ತಾಗಿ. ಇಡೀ ಚಿತ್ರವನ್ನು ಮೊದಲಿನಿಂದ ತೆಗೆದ. ಆ ಸುಗ್ಗಿಯಲ್ಲಿ ಮಾಡಗ್ಯಾಳದ ಎಷ್ಟು ಮದುವಣಗಿತ್ತಿಯರು ಹಳೆಯ ಜಂಪರಿನಲ್ಲಿ ಧಾರೆ ಎರೆಸಿಕೊಂಡರೋ ದೇವರೇ ಬಲ್ಲ.

ಎರಡನೆಯ ಪ್ರದರ್ಶನಕ್ಕೆ ಕಾಕಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದ. ಗೊಂಬೆ ಹೊರಟಿತು. ಕಪ್ಪನ್ನು ನೋಡಿಕೊಂಡಂತೆ ಮೆಲ್ಲಗೆ, ನಡುಮನೆಯಲ್ಲಿ ತುಸು ಚುರುಕಾಗಿ, ಹೊಸ್ತಿಲ ಹತ್ತಿರ ಮತ್ತೆ ಮೆಲ್ಲಗೆ. ಅದರಲ್ಲಿ ಜೀವವಿತ್ತು. ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ಹಾಂ," ಎಂದಳು ಕಾಕು. "ಈಗ ಮನಿಷ್ಯಾಳ ಹಂಗ ನಡದಾಳ."

"ನೀ ಹೌದಿಲ್ಲೋ?"

ಕಾಕು ಮತ್ತೊಮ್ಮೆ ಹಾಕಿಸಿ ನೋಡಿದಳು. "ಎಲ್ಲಾ ಬರೋಬರಿ ಐತಿ. ಆದ್ರ ಇಕಿ ಬಂದಾಕಿನ ಹೊಸ್ತಿಲಾ ದಾಟತಾಳ. ನಾ ಹಂಗ ದಾಟತಿರಲಿಲ್ಲ."

"ಮತ್ತ?"

"ಹೊಸ್ತಿಲದಾಗ ನಿಂದರತಿದ್ದೆ."

"ಯಾಕ?"

"ಯಾಕಂದ್ರ? ಮಿಷನ್ ನಡೀತಿರತಿತ್ತಲ್ರಿ. ಕರೀಬ್ಯಾಡ ಅಂದವರ ನೀವು. ನೀವು ತಲಿ ಎತ್ತೂತನಕ ನಿಂದರತಿದ್ದೆ."

"ದಿನಾ?"

"ದಿನಾ."

ಕಾಕಾ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ, ಅದರಲ್ಲೇ ಏನೋ ಕೆಟ್ಟಿದೆ ಎನ್ನುವಂತೆ. ಆಮೇಲೆ, "ಅದಕ್ಕ ಚಹಾ ಆರಿರತಿತ್ತು," ಎಂದ.

"ಮತ್ತೇನ ಒಲಿ ಸರಿ ಇರಲಿಲ್ಲಂತ ತಿಳದಿದ್ರಿ?" ಎಂದು ಕಾಕು ನಕ್ಕಳು. ಅವಳ ನಗುವಿನಲ್ಲಿ ಏನೂ ಕಹಿ ಇರಲಿಲ್ಲ. ಇತ್ತು ಎಂದು ಬರೆದರೆ ಈ ಪ್ರಬಂಧಕ್ಕೆ ಒಪ್ಪುತ್ತಿತ್ತೇನೋ, ಇರಲಿಲ್ಲ. ಅವಳಿಗೆ ಅದು ಬಾಗಿಲಿಗೆ ಅಗಳಿ ಹಾಕಿದಷ್ಟು ಸಹಜವಾದ ಸಂಗತಿಯಾಗಿತ್ತು. ಕಾಕಾ ಮಾತ್ರ ಎದ್ದು ಅಂಗಡಿಗೆ ಹೋದ. ಮಿಷನ್ ಸಪ್ಪಳ ಬರಲಿಲ್ಲ. ಕತ್ತರಿಯ ಸಪ್ಪಳ ಬಂತು. ತನ್ನ ಹಳೆಯ ಅಂಗಿಯೊಂದನ್ನು ಕತ್ತರಿಸುತ್ತಿದ್ದ.

ಮುಂದಿನ ಸಲ ನಾನು ಹೋದಾಗ ಹಲಗೆಯ ಮೇಲೆ ಎರಡು ಗೊಂಬೆಗಳಿದ್ದವು. ಹೊಸ ಗೊಂಬೆಗೆ ಚೌಕಳಿ ಅಂಗಿ, ಬೋಳು ತಲೆ, ಮುಂದೆ ದಾರದುಂಡೆಯಿಂದ ಮಾಡಿದ ಪುಟ್ಟ ಮಿಷನ್. ಹೆಂಗಸು ಹೊಸ್ತಿಲಿಗೆ ಬರುತ್ತಾಳೆ, ಗಂಡಸು ತಲೆ ಎತ್ತುತ್ತಾನೆ. ಅವನು ಯಾವಾಗ ತಲೆ ಎತ್ತಬೇಕು ಎಂಬುದೇ ಈಗಿನ ಪ್ರಶ್ನೆ. ಮೊದಲು ತೆಗೆದದ್ದರಲ್ಲಿ ಅವಳು ಅಡುಗೆಮನೆ ಬಿಡುವ ಮೊದಲೇ ಅವನು ಕತ್ತೆತ್ತಿ ಕಾಯುತ್ತ ಕೂತಿದ್ದ.

"ಇದು ಹಸೀ ಸುಳ್ಳ," ಎಂದಳು ಕಾಕು.

"ಸುಳ್ಳ ಇರ್ಲಿ. ನನ್ನ ಸಿನೆಮಾ."

"ಊರ ಮಂದಿ ಜಂಪರಾ ಕೇಳಾಕ ಬಂದಾರಂತ ತಿಳದೀರೇನು, ಹಂಗ ಬಾಗಲಾ ನೋಡಾಕ?"

ಕಾಕಾ ಆ ಫೋಟೋಗಳನ್ನು ಅಳಿಸಿದ. ಈ ಸಲ ಅವಳ ಕಾಲು ಹೊಸ್ತಿಲು ಮುಟ್ಟಿದ ಕೂಡಲೇ ಅವನು ತಲೆ ಎತ್ತುವಂತೆ ಮಾಡಿ, ಅಂಗಡಿಯ ಕಡೆಯಿಂದ ಫೋನನ್ನು ಹೊಸ್ತಿಲಿನ ಮೇಲಿಂದ ಚಾಚಿ ತೋರಿಸಿದ. ಕಾಕು ತನ್ನ ಗಾಲಿಕುರ್ಚಿಯನ್ನು ಹೊಸ್ತಿಲ ತನಕ ತಂದುಕೊಂಡು, ಬಗ್ಗಿ ನೋಡಿದಳು. ಚಹಾ ಮಾಡಲೆಂದು ಒಳಗೆ ಹೋದ ನನಗೆ ಅವರ ಮಾತು ಕೇಳುತ್ತಿತ್ತು.

"ಇಷ್ಟ ಲಗೂನ ಬ್ಯಾಡ್ರಿ. ಅಕಿನ್ನ ಇನ್ನೊಂದ್ ಸ್ವಲ್ಪ ನಿಂದರಸ್ರಿ."

"ಇನ್ನ ಎಷ್ಟಂತ ನಿಂದರಸ್ಲಿ? ನಲವತ್ತು ವರ್ಷ ನಿಂದರಸೀನಿ."

ಒಲೆಯ ಮೇಲೆ ಚಹಾ ಉಕ್ಕಿ ಬಂತು. ಉರಿ ತಗ್ಗಿಸಿದೆ.

"ನಿಂದರ್ಲಿ ಬಿಡ್ರಿ," ಎಂದಳು ಕಾಕು. "ನಿಂತು ಭಾಳ ದಿನಾ ಆತು."

ಮೂರು ಕಪ್ಪು ಹಿಡಿದು ನಾನು ನಡುಮನೆಗೆ ಬಂದಾಗ ಕಾಕಾ ಹಲಗೆಯ ಮುಂದೆ ಬಗ್ಗಿದ್ದ. ಗೊಂಬೆ ಹೊಸ್ತಿಲಲ್ಲಿ ನಿಂತಿತ್ತು. ಅವನು ಅದನ್ನು ಸರಿಸಲಿಲ್ಲ, ಸೆರಗು ಕೂಡ ಮುಟ್ಟಲಿಲ್ಲ. ಸುಮ್ಮನೆ ಫೋಟೋ ತೆಗೆದ. ತಲೆ ಎತ್ತಿ, ಹೊಸ್ತಿಲ ಈಚೆ ಕುರ್ಚಿಯಲ್ಲಿ ಕೂತಿದ್ದ ಕಾಕುವನ್ನು ನೋಡಿದ. ಅವಳು ಇನ್ನೂ ಎನ್ನುವಂತೆ ಎಡಗೈ ಆಡಿಸಿದಳು. ಅವನು ಬಗ್ಗಿ ಅದನ್ನೇ ಮತ್ತೆ ತೆಗೆದ, ಗೊಂಬೆ ಸೆಕೆಂಡಿನ ಇನ್ನೊಂದು ತುಂಡು ನಿಂತಿತು. ಮತ್ತೆ ತಲೆ ಎತ್ತಿದ. ಅವಳು ಮತ್ತೆ ಕೈ ಆಡಿಸಿದಳು.

ನಾನು ಅವಳ ಕುರ್ಚಿಯ ಹಿಂದೆ ನಿಂತೆ. ಕರೆಯಬಹುದಿತ್ತು, ಮಿಷನ್ ಏನೂ ನಡೆಯುತ್ತಿರಲಿಲ್ಲ. ಕರೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಕೇಳಬೇಡಿ, ಆ ಲೆಕ್ಕದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಚಹಾ ಮಾತ್ರ ಆರಿತ್ತು.